ಬಾಗಿಲೊಳಗಿನ ಸಂತ

ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ನಮ್ಮ ಮೊದೆನಾ ಊರಿನ ಹಳೇ ಕಾರುಗಳ ವ್ಯಾಪಾರಿ ಇವಾನೊ ಬೆರ್ಗೊಂಜಿನಿ ನನಗೆ ಒಂದು ಗಾಲಿ ಕೊಡಬೇಕು. ಕಾರಿನ ಗಾಲಿಯಲ್ಲ, ಚೀಸ್ ಗಾಲಿ! ಗಾಲಿಯ ಹಾಗೆ ದುಂಡಗಿರುವ ಇಡೀ ಚೀಸ್, ನಲವತ್ತು ಕಿಲೋ ತೂಕದ್ದು, ಉಗ್ರಾಣದಲ್ಲಿಟ್ಟು ಎರಡು ವರ್ಷ ಹಣ್ಣಾದದ್ದು. ಇಪ್ಪತ್ತೆರಡು ವರ್ಷಗಳ ಹಿಂದೆ ಅವನಿಗೊಂದು ತುರ್ತು ಕೆಲಸ ಮಾಡಿಕೊಟ್ಟು, ಕೂಲಿಯ ಬದಲು ಚೀಸ್ ಕೇಳಿದ್ದೆ. "ನಾಳೆ ಬಾ ಎರ್ಮೆಸ್" ಎಂದ. ಆ ನಾಳೆ ಇವತ್ತಿಗೂ ಬಂದಿಲ್ಲ. ಅವನ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಬಿ.ಪಿ. ಏರುತ್ತದೆ, ಡಾಕ್ಟರ್ ಬೇರೆ ಬೀದಿಯಲ್ಲಿ ಓಡಾಡು ಎಂದಿದ್ದಾರೆ.

ಹೀಗಿರುವಾಗ ನಮ್ಮ ಮದುವೆಯ ಮೂವತ್ತನೇ ವರ್ಷ ಹತ್ತಿರ ಬಂತು. ಮದುವೆಯ ದಿನ, ನಾಲ್ಕು ಲೋಟ ವೈನ್ ಒಳಗೆ ಹೋದ ಮೇಲೆ, ಹೆಂಡತಿ ನಿವೆಸ್‌ಗೆ ಒಂದು ಮಾತು ಕೊಟ್ಟಿದ್ದೆ: ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಕೂರಿಸಿಕೊಂಡು ರಿಮಿನಿಯ ಸಮುದ್ರಕ್ಕೆ ಕರೆದೊಯ್ಯುತ್ತೇನೆ.

"ನನ್ನ ಮಂಡಿ ಪೂರ್ತಿ ಹೋಗೋದ್ರೊಳಗೆ ತಂದ್ರೆ ಚೆನ್ನಾಗಿತ್ತು. ಆ ಕಾರುಗಳು ನೆಲಕ್ಕೇ ಅಂಟಿಕೊಂಡಿರ್ತವೆ, ಆಮೇಲೆ ಕ್ರೇನ್ ತರಿಸಬೇಕಾಗುತ್ತೆ" ಎಂದು ಈಗ ನೆನಪಿಸಿದಳು.

"ತರ್ತೀನಿ! ಆದ್ರೆ ಒಬ್ಬ ಡೀಲರ್‌ನ ನೆರಳನ್ನೂ ತುಳಿಯೋಲ್ಲ. ಕಾರು ಇಟ್ಟುಕೊಂಡಿರೋ ಮಾಲೀಕರಿಂದಲೇ ನೇರವಾಗಿ ಕೊಳ್ಳೋದು. ಮೂವತ್ತೈದು ವರ್ಷದ ಟಿಂಕರಿಂಗ್ ಮೇಸ್ತ್ರಿ ನಾನು. ನನಗೆ ಟೋಪಿ ಹಾಕೋನು ಇನ್ನೂ ಹುಟ್ಟಿಲ್ಲ!"

ನಾನು ಶಾಲೆಯಲ್ಲಿ ಹೆಚ್ಚು ದಿನ ಕೂತವನಲ್ಲ. ಆದರೆ ನಮ್ಮೂರಿನ ಮಕ್ಕಳು ಅಮ್ಮ ಅನ್ನುವ ಮೊದಲೇ ಇಂಜಿನ್ ಸದ್ದು ಮಾಡುತ್ತವೆ. ಈ ವಿದ್ಯೆ ನಮಗೆ ಯಾರೂ ಕಲಿಸಬೇಕಾಗಿಲ್ಲ.

ಮೊದಲ ಕಾರಿನ ಮೀಟರ್ ಮೂವತ್ತು ಸಾವಿರ ಕಿಲೋಮೀಟರ್ ಎನ್ನುತ್ತಿತ್ತು. ಕ್ಲಚ್ ಪೆಡಲಿನ ರಬ್ಬರು ಮಾತ್ರ ನಮ್ಮಜ್ಜನ ದವಡೆ ಹಲ್ಲಿನ ಹಾಗೆ ಸವೆದಿತ್ತು. "ನಿಂತಲ್ಲೇ ಪೆಡಲ್ ತುಳೀತಿದ್ರೇನಯ್ಯಾ?" ಎಂದು ಕೇಳಿ ಎದ್ದು ಬಂದೆ. ಎರಡನೆಯ ಕಾರಿನ ಬಾನೆಟ್ ಮೇಲೆ ಕೈಯಿಟ್ಟರೆ ಸುಡುತ್ತಿತ್ತು. "ನಾಲ್ಕು ದಿನದಿಂದ ಮುಟ್ಟೇ ಇಲ್ಲ" ಎಂದ ಮಾಲೀಕ. ತಣ್ಣಗಿದ್ದಾಗ ಆ ಇಂಜಿನ್ ಕೆಮ್ಮುತ್ತದೆ, ಅದಕ್ಕೇ ಮೊದಲೇ ಕಾಯಿಸಿಟ್ಟಿದ್ದಾನೆ! "ಹಾಗಾದ್ರೆ ಇದಕ್ಕೆ ಜ್ವರ ಬಂದಿದೆ, ಡಾಕ್ಟರನ್ನ ಕರೆಸು!" ಎಂದು ಕೂಗಾಡಿದೆ. ವಿಚಾರಿಸಿದರೆ ಇಬ್ಬರೂ ಮಾಲೀಕರ ವೇಷ ಹಾಕಿದ ಡೀಲರ್‌ಗಳೇ!

ಮೂರನೆಯದು ಪಕ್ಕದ ವಿನ್ಯೋಲ ಊರಿನಲ್ಲಿತ್ತು. ಮಾಲೀಕರು ಸಿನ್ಯೋರಾ ಅದಾಲ್ಜಿಸಾ ಮೊಂತೋರ್ಸಿ, ಔಷಧದಂಗಡಿ ನಡೆಸಿ ನಿವೃತ್ತರಾದ ಅಮ್ಮನವರು, ಎಪ್ಪತ್ತು ದಾಟಿದವರು. ಗ್ಯಾರೇಜಿನಲ್ಲಿ ಉಣ್ಣೆಯ ಕಂಬಳಿ ಹೊದ್ದು ಮಲಗಿತ್ತು ಕಾರು. ಕಂಬಳಿ ಸರಿಸಿದರು ನೋಡಿ, ನಾನು ಕೈಮುಗಿದುಬಿಟ್ಟೆ. ಕೆಂಪು, ಎರಡೇ ಸೀಟು, ತೆರೆದ ತಲೆ! ಪೆಡಲು ಸರಿ, ಇಂಜಿನ್ ತಣ್ಣಗೆ. ನಿವೆಸ್ ಮಂಡಿ ಹಿಡಿದುಕೊಂಡು ಒಳಗೆ ಕೂತು, ಕನ್ನಡಿ ನೋಡಿ ಕೂದಲು ಸರಿಮಾಡಿಕೊಂಡಳು. ಹಾಗೆ ಅವಳನ್ನು ನೋಡಿ ಎಷ್ಟು ವರ್ಷವಾಗಿತ್ತೋ!

"ಒಂದು ಗೀರೂ ಬಿದ್ದಿಲ್ಲ ಕಣಪ್ಪಾ, ಇಪ್ಪತ್ತೆರಡು ವರ್ಷದಿಂದ ನನ್ನ ಹತ್ರಾನೇ ಇದೆ" ಎಂದರು ಸಿನ್ಯೋರಾ.

ಅಲ್ಲಿಗೇ ಕೈಕುಲುಕಿ ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ಮೇಸ್ತ್ರಿಯ ಜೇಬಿನಲ್ಲಿ ಅಯಸ್ಕಾಂತವಿತ್ತು! ನಿವೆಸ್ ಲೊರೆತೊ ಯಾತ್ರೆಯಿಂದ ತಂದು ಫ್ರಿಜ್‌ಗೆ ಅಂಟಿಸಿದ್ದ ಮೇರಿಮಾತೆ. ಬಾನೆಟ್‌ಗೆ ಹಚ್ಚಿದೆ, ಮಾತೆ ಗಟ್ಟಿಯಾಗಿ ನಿಂತಳು. ಎಡ ಬಾಗಿಲಿಗೆ ಹಚ್ಚಿದೆ, ಮಾತೆ ಜಾರಿ ನೆಲಕ್ಕೆ ಬಿದ್ದಳು.

"ಪುಟ್ಟಿ!" ಎಂದು ಅರಚಿದೆ. "ಅಯಸ್ಕಾಂತವೂ ಹಿಡೀದ ಹಾಗೆ ತಗಡಿನ ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿದ್ದಾನೆ! ಸಿನ್ಯೋರಾ, ಇದು ಎಲ್ಲೋ ಗುದ್ದಿದ ಕಾರು. ನಿಮಗೆ ಟೋಪಿ ಹಾಕಿದ್ದಾರೆ! ಯಾವ ಕತ್ತೆ ಮಾಡಿದ ಕೆಲಸ ಇದು? ಇದು ಟಿಂಕರಿಂಗಾ? ಬ್ರೆಡ್ಡಿಗೆ ಬೆಣ್ಣೆ ಸವರೋ ಕೆಲಸ!"

ಪಕ್ಕದ ತೋಟದಲ್ಲಿ ಚೆರ್ರಿ ಕೀಳುತ್ತಿದ್ದವರೆಲ್ಲ ಏಣಿ ಇಳಿದು ಬಂದರು. ಜನ ಸೇರಿದರೆ ನನ್ನ ನಾಲಿಗೆಗೆ ಇನ್ನೂ ಹುರುಪು.

"ನಮ್ಮ ಕಸುಬಿನಲ್ಲಿ ಮರ್ಯಾದೆ ಇರೋನು ಕಾರಿನ ಬಾಗಿಲಿಗೆ ಒಳಹಲಗೆ ಮುಚ್ಚೋ ಮುಂಚೆ ಒಳಗೆ ಲೋಹಗಾರರ ಸಂತ ಎಲಿಜೊನ ಚಿತ್ರ ಇಟ್ಟು, ಹಿಂದೆ ತಾರೀಖು ಹಾಕಿ ಸಹಿ ಮಾಡ್ತಾನೆ. ಈ ಕತ್ತೆಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ನೋಡಿ ಬೇಕಾದ್ರೆ!"

ಸ್ಕ್ರೂ ಬಿಚ್ಚಿ ಒಳಹಲಗೆ ಕಿತ್ತೆ. ಸಂತ ಎಲಿಜೊ ಸುತ್ತಿಗೆ ಹಿಡಿದು ನನ್ನನ್ನೇ ನೋಡುತ್ತಿದ್ದ.

ನಿವೆಸ್ ಚಿತ್ರವನ್ನು ತೆಗೆದು ತಿರುಗಿಸಿ ಗಟ್ಟಿಯಾಗಿ ಓದಿದಳು: "ಹದಿನಾಲ್ಕು ನವೆಂಬರ್, ಎರಡು ಸಾವಿರದ ಒಂದು. ಎರ್ಮೆಸ್ ಮಲಗೋಲಿ." ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ಈ ಕತ್ತೆ ಮೂವತ್ತು ವರ್ಷದಿಂದ ನಮ್ಮನೇಲೇ ಊಟ ಮಾಡ್ತಿದೆಯಲ್ಲ!"

ಚೆರ್ರಿ ಕೀಳುವವರ ನಗೆಗೆ ಮರದ ಹಕ್ಕಿಗಳು ಹಾರಿಹೋದವು. ಬೆರ್ಗೊಂಜಿನಿಯ ಆ ತುರ್ತು ಕೆಲಸವೇ ಇದು! ಆಗ ಕಾರು ಬೂದು ಬಣ್ಣದ್ದು. ಅವನು ಕೆಂಪು ಬಳಿಸಿ ಮಾರಿದ್ದು ಆಮೇಲೆ. ನನಗೆ ಹೇಗೆ ಗುರುತು ಸಿಗಬೇಕು?

ಸಿನ್ಯೋರಾ ಮಾತ್ರ ನಗಲಿಲ್ಲ. "ಇಪ್ಪತ್ತೆರಡು ವರ್ಷ ಗೀರೂ ಬಿದ್ದಿಲ್ಲ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದೀನಿ. ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ದು ನೀನಾ?"

"ಆ ಬೆರ್ಗೊಂಜಿನಿ ಎರಡೇ ದಿನ ಟೈಮು ಕೊಟ್ಟಿದ್ದ, ಸಿನ್ಯೋರಾ..."

"ಕೊಳ್ಳೋರಿಗೆ ಏನು ಹೇಳಿ ಮಾರ್ತೀಯ ಅಂತ ಕೇಳಿದ್ಯಾ ಅವನನ್ನ?"

"ಚೀಸ್ ಎಷ್ಟು ವರ್ಷದ್ದು ಅಂತ ಕೇಳಿದ್ದೆ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಾಗಾದ್ರೆ ಈ ಬಾಗಿಲನ್ನ ಸರಿಯಾಗಿ ಮಾಡಿಕೊಡು. ಮಾರೋ ಮಾತು ಆಮೇಲೆ."

ಕಾರನ್ನು ನನ್ನ ಶೆಡ್ಡಿಗೆ ತಂದು ಮೂರು ವಾರ ಬಡಿದೆ. ಪುಟ್ಟಿಯನ್ನೆಲ್ಲ ಕೆರೆದು, ತಗಡನ್ನು ಬಿಸಿಮಾಡಿ, ಸಣ್ಣ ಸುತ್ತಿಗೆಯಲ್ಲಿ ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ ತಟ್ಟಿ ನಯಮಾಡಿದೆ. ಎಲಿಜೊನಿಗೆ ಹೊಸ ತಾರೀಖು ಹಾಕಿದೆ. ಸಿನ್ಯೋರಾ ಬಂದು ತಾವೇ ಮೇರಿಮಾತೆಯನ್ನು ಹಚ್ಚಿದರು. ಕಿತ್ತರೂ ಬರಲಿಲ್ಲ!

"ಭೇಷ್! ಇಷ್ಟು ಚೆನ್ನಾಗಿ ಆದ್ಮೇಲೆ ಮಾರೋಕೆ ಮನಸ್ಸೇ ಬರ್ತಿಲ್ಲ. ಇಟ್ಕೋತೀನಿ."

"ಅಯ್ಯೋ ಸಿನ್ಯೋರಾ! ಭಾನುವಾರ ನಮ್ಮ ಮೂವತ್ತನೇ ವರ್ಷ! ನಿವೆಸ್‌ಗೆ ಮಾತು ಕೊಟ್ಟಿದ್ದೀನಿ, ರಿಮಿನಿ..."

"ನಿನ್ನ ಮಾತು ಯಾಕೆ ತಪ್ಪಬೇಕು? ನಾನೇ ಕರ್ಕೊಂಡು ಹೋಗ್ತೀನಿ ಅವಳನ್ನ."

"ನಾನು?"

"ಸೀಟು ಎಷ್ಟಿದೆ, ಮೇಸ್ತ್ರಿ?"

ಭಾನುವಾರ ಬೆಳಿಗ್ಗೆ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಇಬ್ಬರೂ ಹೊರಟರು. ನಿವೆಸಳ ಮಂಡಿ ಅವತ್ತು ಒಂದು ಮಾತೂ ಆಡಲಿಲ್ಲ. "ಸುಮ್ನೆ ಕೂತಿರೋ ಬದಲು ಹೋಗಿ ನಿನ್ನ ಚೀಸಾದ್ರೂ ಕೇಳು!" ಎಂದು ಕೈಬೀಸಿದಳು.

ಸಿಟ್ಟಿನಲ್ಲಿ ಡಾಕ್ಟರ ಮಾತನ್ನೂ ಮೀರಿ ಬೆರ್ಗೊಂಜಿನಿಯ ಅಂಗಡಿಗೇ ನುಗ್ಗಿದೆ. ವಿನ್ಯೋಲದ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ತೆಗಿ ನನ್ನ ಚೀಸ್!"

"ಕೊಡ್ತೀನಪ್ಪಾ, ಇಲ್ಲ ಅಂದೋರ್ಯಾರು?" ಎಂದ, ನಿಧಾನವಾಗಿ ಕಾಫಿ ಕಲಕುತ್ತಾ. "ಆ ಬಾಗಿಲು ಸರಿಯಾಗಿ ಮುಗಿದದ್ದು ಯಾವಾಗ?"

"ಹೋದ ಗುರುವಾರ" ಎಂದುಬಿಟ್ಟೆ.

"ನೋಡು ಮತ್ತೆ! ಕೆಲಸ ಮುಗಿದ ದಿನವೇ ನಿನ್ನ ಹೊಸ ಚೀಸ್ ಹಣ್ಣಾಗೋಕೆ ಇಡಿಸಿದ್ದೀನಿ. ಎರಡು ವರ್ಷ ಹಣ್ಣಾಗಬೇಕಲ್ಲ? ಆಮೇಲೆ ಬಾ, ಎರ್ಮೆಸ್."