ಅಪ್ಪಣೆ ಕೇಳುವ ಪೆಟ್ಟಿಗೆ

ಬನ್ನಿ, ಇಲ್ಲೇ ಜಗಲಿ ಮೇಲೆ ಕಾಲು ಚಾಚಿ ಕೂತ್ಕೊಳ್ಳಿ. ಬೇಗೂರಿನ ನಮ್ಮ ಮನೆಗೆ ಕಂಪ್ಯೂಟರ್ ಬಂದಮೇಲೆ ಒಂದಲ್ಲ ಒಂದು ತಮಾಷೆ ನಡೀತಾನೇ ಇದೆ.

ಯಾವೂರು, ಯಾರ ಕಡೆ?

ನಮ್ಮತ್ತೆ ಕಲಿಸಿದ ಸೋಬಾನೆ ಪದಗಳನ್ನ ನಾನು ಹೇಳ್ತಿದ್ದೆ, ಮೊಮ್ಮಗಳು ಕಂಪ್ಯೂಟರಿನಲ್ಲಿ ಬರೀತಿದ್ದಳು. ನನ್ನ ಬಾಯಿ ಬಿಟ್ಟರೆ ಅವು ಇನ್ನೆಲ್ಲೂ ಇಲ್ಲ, ನನಗೋ ದಿನಕ್ಕೊಂದು ಸಾಲು ಮರೀತಿತ್ತು.

ಒಂದಿನ ಅವಳು ಹೊಸದೇನೋ ಹಾಕೋಕೆ ಹೋದಾಗ ಪರದೆ ಮಬ್ಬಾಗಿ ನಡುವೆ ಒಂದು ಚೌಕ ಎದ್ದಿತು.

"ಒಳಗೆ ಬಿಡಲಾ ಅಂತ ಕೇಳ್ತಿದೆ ಅಜ್ಜಿ."

ಹೆತ್ತ ಮಗ ಕಾರು ತಂದಾಗಲೂ ನನ್ನ ಕೇಳಿರಲಿಲ್ಲ. ಈ ಪೆಟ್ಟಿಗೆ ಕೈಕಟ್ಟಿ ನಿಂತು ಕೇಳ್ತಿದೆ. ರೂಮು ಬಾಡಿಗೆಗೆ ಬಂದವರನ್ನ ವಿಚಾರಿಸೋ ಹಾಗೆ, "ಯಾರಂತೆ? ಯಾವೂರು?" ಅಂದೆ.

"ಪ್ರಿಂಟರಿಂದು. ಗೊತ್ತಿರೋ ಕಂಪನಿ."

"ಹಾಗಾದ್ರೆ ಬಿಡು."

ಅವತ್ತಿಂದ ಚೌಕ ಎದ್ದರೆ ಸಾಕು, ನನಗೆ ಕರೆ. ಊರು ಪತ್ತೆಯಿಲ್ಲದ್ದಕ್ಕೆ ಬೇಡ ಅಂತಿದ್ದೆ. ಒಮ್ಮೆ ಸ್ನಾನದಲ್ಲಿದ್ದಾಗ ಸೊಸೆ ಬಚ್ಚಲ ಬಾಗಿಲು ತಟ್ಟಿದಳು. "ಅತ್ತೆ, ಅದು ಕೇಳ್ಕೊಂಡು ಕಾಯ್ತಾ ಇದೆ."

"ಕಾಯಲಿ, ಕಾಫಿ ಕೊಡು" ಅಂದೆ.

ಕೇಳೋದು ನಿಂತಿತು

ನಾಲ್ಕು ದಿನ ತಂಗಿ ಮನೆಗೆ ಹೋಗಿದ್ದೆ. ನಾನಿಲ್ಲದೆ ಯಾರೂ ಹೂಂ ಅನ್ನಲೊಲ್ಲರು. ಮಹಡಿ ಮೇಲೆ ಬಿಜಾಪುರದ ಕಡೆಯವನೊಬ್ಬ ಬಾಡಿಗೆಗಿದ್ದ. ಗೋಡೆಗೆ ಮೊಳೆ ಹೊಡೆಯೋಕೂ ನನ್ನ ಕೇಳೋನು. ಅವನು ಬಂದು, "ಎಷ್ಟು ಕೇಳ್ತೈತ್ರೀ ಇದು. ಕೇಳೂದನ್ನ ಬಂದ್ ಮಾಡ್ತೀನಿ ತಗೋರಿ" ಅಂದವನೇ ಮಾಡಿಯೇಬಿಟ್ಟ.

ನಾನು ವಾಪಸು ಬಂದಾಗ ಪರದೆ ತುಂಬ ಕಂಡುಕೇಳದ ಜಾಹೀರಾತು. ಪದಗಳು ತೆರೀತಾನೇ ಇಲ್ಲ. ಮೊಮ್ಮಗಳು ಅಳ್ತಾ ಕೂತಿದ್ದಳು. ನನಗೆ ನಮ್ಮತ್ತೆ ಇನ್ನೊಂದು ಸಲ ತೀರಿಕೊಂಡ ಹಾಗಾಯ್ತು.

ಮಾರತ್ತಹಳ್ಳಿಯಿಂದ ರಿಪೇರಿಯವರು ಬಂದರು. "ಇಷ್ಟೊಂದಕ್ಕೆ ಪರ್ಮಿಷನ್ ಕೊಟ್ಟಿದ್ದು ಯಾರಮ್ಮ?"

ಎಲ್ಲರೂ ನನ್ನ ನೋಡಿದರು.

"ಕೇಳಿದ್ರೆ ತಾನೇ ಸಾರ್ ಕೊಡೋದು?" ಅಂದೆ.

ಸಂಜೆವರೆಗೂ ಕೂತು ಒಂದು ಪದವೂ ಬಿಡದಂತೆ ತೆಗೆದುಕೊಟ್ಟರು. ಎಲ್ಲಿಂದ ತೆಗೆದರೋ, ಆ ಬೆರಳುಗಳನ್ನೇ ನೋಡ್ತಾ ನಿಂತುಬಿಟ್ಟೆ. ಕೇಳೋದನ್ನ ಮತ್ತೆ ಶುರು ಮಾಡಿಸಿದೆ.

ಆಮೇಲೆ

ಮೊಮ್ಮಗಳು ಪದಗಳನ್ನ ಅಚ್ಚು ಹಾಕಿಸಿ ತನ್ನ ಮದುವೆಯಲ್ಲೇ ಹಾಡಿಸಿದಳು. ಈಗೀಗ ಸೊಸೆ ನನ್ನ ಕರೆಯದೆ ತಾನೇ ಊರು ವಿಚಾರಿಸಿ ಹೂಂ, ಉಹೂಂ ಅಂತಾಳೆ. ರಿಪೇರಿಯವರು ನಮ್ಮ ಕೆಳಗಿನ ರೂಮಿಗೇ ಬಾಡಿಗೆಗೆ ಬಂದರು. ಅವರನ್ನೂ ಯಾವೂರು ಅಂತ ಕೇಳಿಯೇ ಬಿಟ್ಟುಕೊಂಡೆ.

ಬಿಜಾಪುರದವನು ಪೀಣ್ಯದಲ್ಲಿ ಮನೆ ಮಾಡಿ ಸ್ವಂತ ಕಂಪ್ಯೂಟರ್ ತಗೊಂಡ. ಮೊನ್ನೆ ಫೋನು. "ಅಮ್ಮಾರ, ಚೌಕ ಎದ್ದೈತ್ರಿ. ಹೂಂ ಅನ್ನಲೇನ್ರಿ?"

"ಬಂದ್ ಮಾಡೋಕೆ ಬರುತ್ತಲ್ಲಪ್ಪ ನಿನಗೆ?"

"ಬರ್ತೈತ್ರಿ. ಅದಕ್ಕ ನಿಮ್ಮನ್ನ ಕೇಳಾಕತ್ತೀನಿ."

"ಯಾವೂರಂತೆ, ಓದು" ಅಂದೆ.