ಚಿಕ್ಕಮ್ಮನ ಚೌಕ ಮತ್ತು ಬಾಣ

ನಮ್ಮ ಚಿಕ್ಕಮ್ಮನ ತಲೆ ಕೆಟ್ಟಿದೆ ಎನ್ನುವವರು ಕಾಪುವಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಒಪ್ಪುವುದಿಲ್ಲ. ಕೆಟ್ಟಿದ್ದರೆ ಎಂದಾದರೂ ಸರಿಯಾಗುತ್ತಿತ್ತಲ್ಲ? ಅವಳ ತಲೆ ತಯಾರಾದದ್ದೇ ಹಾಗೆ!

ಅವಳು ಮಣಿಪಾಲದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ವಿನ್ಯಾಸ ಮಾಡುವವಳು. ಪ್ರೋಗ್ರಾಮ್ ಬರೆಯುವ ಮೊದಲು ಯಾವುದು ಯಾವುದಕ್ಕೆ ಸೇರಿದ್ದು ಎಂದು ಚೌಕ ಹಾಕಿ, ಬಾಣ ಎಳೆದು ತೋರಿಸುವ ಕೆಲಸ. ಒಂದು ಬಸ್ಸಿಗೆ ಹಲವು ಸೀಟು, ಒಂದು ಆಸ್ಪತ್ರೆಗೆ ಹಲವು ವಾರ್ಡು. ಈ ‘ಒಂದಕ್ಕೆ ಹಲವು’ ಎಂಬ ಸಂಬಂಧವೇ ಅವಳಿಗೆ ದೇವರು. ಆಫೀಸಿನಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಸರಿ. ಅಡುಗೆಮನೆಯಲ್ಲೂ ಶುರುಮಾಡಿದರೆ? “ಒಂದು ಕಾವಲಿಗೆ ಹಲವು ದೋಸೆ, ಆದರೆ ಒಂದು ದೋಸೆಗೆ ಒಂದೇ ಕಾವಲಿ” ಎಂದು ಸಟ್ಟುಗ ಹಿಡಿದು ಉಪದೇಶ ಮಾಡುವಷ್ಟರಲ್ಲಿ ದೋಸೆ ಕರಟಿರುತ್ತದೆ. ಕರಟಿದ್ದನ್ನು ತಿನ್ನಲು ಮಾತ್ರ ಹಲವರಿಲ್ಲ, ನಾನೊಬ್ಬಳೇ.

ನಾನೆಂದರೆ ಅವಳ ಅಕ್ಕ ಗಿರಿಜಳ ಮಗಳು. ನಾನು ಅಂಗನವಾಡಿಗೆ ಹೋಗುತ್ತಿದ್ದಾಗಲೇ ಅಮ್ಮ ತೀರಿಕೊಂಡಳು. ಮದುವೆಯ ಗೊಡವೆಗೇ ಹೋಗದ ಚಿಕ್ಕಮ್ಮ ನನ್ನನ್ನು ಸಾಕಿದಳು. ಹಾಗಾಗಿ ಅವಳನ್ನು ಗೇಲಿ ಮಾಡುವ ಹಕ್ಕು ನನಗುಂಟು, ಉಳಿದವರಿಗಿಲ್ಲ.

ಒಮ್ಮೆ ಪೇಟೆಗೆ ಮಟ್ಟುಗುಳ್ಳ, ಅಂದರೆ ಮಟ್ಟು ಊರಿನ ಬದನೆಕಾಯಿ, ತರಲು ಹೋದೆವು. ಅಸಲಿ ಗುಳ್ಳದ ಮೇಲೆ ಮಟ್ಟುವಿನ ಬೆಳೆಗಾರರು ಚೀಟಿ ಅಂಟಿಸಿರುತ್ತಾರಷ್ಟೆ? ಚಿಕ್ಕಮ್ಮನ ಕೈಗೆ ಚೀಟಿಯಿಲ್ಲದ್ದೊಂದು ಸಿಕ್ಕಿತು.

“ಚೀಟಿ ಬಿದ್ದುಹೋಗಿದೆ ಅಕ್ಕ. ಮಟ್ಟುವಿನದ್ದೇ, ನನಗೆ ಗೊತ್ತುಂಟು” ಎಂದ ಅಂಗಡಿಯವ.

“ನಿಮಗೆ ಗೊತ್ತಿದ್ದರೆ ಸಾಲದು. ಮಟ್ಟುವಿಗೆ ಹಲವು ಗುಳ್ಳ ಇರಲಿ. ಆದರೆ ತಾನು ಯಾವ ಊರಿನದ್ದು ಅಂತ ಒಂದೊಂದು ಗುಳ್ಳಕ್ಕೂ ಗೊತ್ತಿರಬೇಕು.”

“ಹುಳಿಗೆ ಬಿದ್ದ ಮೇಲೆ ಅದು ಯಾರ ಹತ್ತಿರ ಹೇಳ್ತದೆ ಅಕ್ಕ?”

ಅಂಗಡಿಯ ಮುಂದೆ ಇದ್ದವರೆಲ್ಲ ನಕ್ಕರು. ಚಿಕ್ಕಮ್ಮ ನಗಲಿಲ್ಲ, ಗುಳ್ಳವನ್ನೂ ಕೊಳ್ಳಲಿಲ್ಲ. ಅಂದು ನಮ್ಮ ಮನೆಯಲ್ಲಿ ಸೌತೆಕಾಯಿ ಹುಳಿ.

ಈ ಹಟ ನಿಜವಾಗಿ ಕೆಲಸಕ್ಕೆ ಬಂದದ್ದು ಕುಟುಂಬದ ವಿಷಯದಲ್ಲಿ. ನಮ್ಮಲ್ಲಿ ಕುಟುಂಬ ನಡೆಯುವುದು ತಾಯಿಯ ಕಡೆಯಿಂದ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ತಂದೆಯ ಕುಟುಂಬ ಬೇರೆ. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿರುವ ಕುಟುಂಬದ ಮನೆಯಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ತಂಬಿಲದ ಸೇವೆ. ಅದು ಮುಗಿದ ಮೇಲೆ ಯಜಮಾನರಾದ ದೊಡ್ಡಮಾವ, ಅಂದರೆ ಅಮ್ಮನ ಅಣ್ಣ, ಒಬ್ಬೊಬ್ಬ ತಾಯಿಯ ಹೆಸರು ಕರೆಯುತ್ತಾರೆ. ಆಯಾ ತಾಯಿಯ ಮಕ್ಕಳು ಎದ್ದುಹೋಗಿ ಪ್ರಸಾದ ತೆಗೆದುಕೊಳ್ಳಬೇಕು.

ಮಾವ ಕಾಲಕ್ಕೆ ತಕ್ಕ ಮನುಷ್ಯ. ಯಾರೋ ಪರಿಚಯದವರಿಂದ ಕುಟುಂಬಕ್ಕೊಂದು ಆ್ಯಪ್ ಮಾಡಿಸಿದರು. ಎಲ್ಲರ ಹೆಸರು ಸೇರಿತು. ಆಮೇಲೆ ಅವರಿಗೆ ಸ್ವಚ್ಛತೆಯ ಹುಮ್ಮಸ್ಸು ಬಂತು. ತೀರಿಹೋದವರ ಹೆಸರು ಯಾಕೆ ಎಂದು ಮೊದಲಿಗೆ ಅಜ್ಜಿಯನ್ನು ಡಿಲೀಟ್ ಮಾಡಿದರು. ಅಜ್ಜಿಯ ಹಿಂದೆಯೇ ಆ್ಯಪಿನಲ್ಲಿ ಅವಳ ಕೆಳಗಿದ್ದ ಮಕ್ಕಳು ಹೋದರು, ಮಕ್ಕಳ ಮಕ್ಕಳು ಹೋದರು. ಅಜ್ಜಿಯ ಹಿರಿಮಗನಾದ ಮಾವ ಬಿಟ್ಟಾರೆಯೇ? ಅವರೂ ಹೋದರು!

“ಮಾರಾಯ್ತಿ, ನಾನು ಬದುಕಿದ್ದೇನೆ, ಇದು ಒಪ್ಪುವುದಿಲ್ಲ” ಎಂದು ಚಿಕ್ಕಮ್ಮನಿಗೆ ಫೋನ್ ಬಂತು.

“ಅಮ್ಮನನ್ನು ಅಳಿಸಿ ನೀವು ಹೇಗೆ ಉಳಿಯುವುದು ಅಣ್ಣ?”

ರಿಪೇರಿ ಚಿಕ್ಕಮ್ಮನ ತಲೆಗೆ ಬಂತು. ಅವಳು ಎಲ್ಲವನ್ನೂ ಹೊಸದಾಗಿ ಬರೆದಳು. ತೀರಿಹೋದವರಿಗೆ ಒಂದು ಗುರುತು ಹಾಕುವುದು, ಅಳಿಸುವುದು ಮಾತ್ರ ಇಲ್ಲ. ಅದನ್ನು ನೋಡಲು ಬಂದ ಮಾವ ಹೊಸ ತಕರಾರು ತೆಗೆದರು.

“ಇಲ್ಲದವರ ಹೆಸರು ಕರೆಯಲಿಕ್ಕೆ ನನಗೆ ಸಂಕಟ ಆಗ್ತದೆ. ಗಿರಿಜಳ ಮಗಳನ್ನು ನಿನ್ನ ಕೆಳಗೆ ಹಾಕು. ಹೇಗೂ ನಿನ್ನದು ಖಾಲಿ ಉಂಟಲ್ಲ.”

ನನಗೂ ಅದೇ ಆಸೆ. “ಹಾಕು ಚಿಕ್ಕಮ್ಮ. ಸಾಕಿದವಳು ನೀನೇ ಅಲ್ವಾ?” ಎಂದೆ.

ಬೇರೆ ಯಾರಾದರೂ ಆಗಿದ್ದರೆ ಕರಗಿ ನೀರಾಗುತ್ತಿದ್ದರು. ಇವಳು ಕನ್ನಡಕ ತೆಗೆದು ನನ್ನನ್ನು ದುರುಗುಟ್ಟಿ ನೋಡಿದಳು. “ಒಬ್ಬ ತಾಯಿಗೆ ಹಲವು ಮಕ್ಕಳು. ಒಂದು ಮಗುವಿಗೆ ಒಬ್ಬಳೇ ತಾಯಿ. ನಿನ್ನನ್ನು ನನ್ನ ಕೆಳಗೆ ತರಬೇಕಾದರೆ ಅಕ್ಕನಿಂದ ಬಾಣ ಕಿತ್ತುಹಾಕಬೇಕು. ಕಿತ್ತರೆ ಅವಳಿಗೆ ಯಾರುಂಟು?”

ಮಾವ ಬಿಡಲಿಲ್ಲ. “ಹಾಗಾದರೆ ನಿನ್ನ ಚೌಕವನ್ನಾದರೂ ತೆಗೆ. ಮಕ್ಕಳಿಲ್ಲದ ಮೇಲೆ ಹೆಸರು ಕರೆದು ಎಂತ ಮಾಡುವುದು?”

“ಲಿಸ್ಟ್ ಖಾಲಿ ಇರುವುದು ಬೇರೆ, ಲಿಸ್ಟೇ ಇಲ್ಲದಿರುವುದು ಬೇರೆ ಅಣ್ಣ. ಹಲವು ಅನ್ನುವುದರಲ್ಲಿ ಸೊನ್ನೆಯೂ ಸೇರ್ತದೆ. ನಾನೂ ಈ ಮನೆಯ ಹೆಣ್ಣೇ. ನನ್ನ ಹೆಸರೂ ಕರೆಯಿರಿ. ಯಾರೂ ಏಳದಿದ್ದರೆ ಮುಂದಿನ ಹೆಸರಿಗೆ ಹೋಗಿ.”

ತಂಬಿಲದ ದಿನ ಚಾವಡಿ ತುಂಬ ಜನ. ಮಾವ ಮೊಬೈಲು ಹಿಡಿದು ನಿಂತರು. “ಗಿರಿಜಳ ಮಕ್ಕಳು” ಎಂದು ಕರೆದರು. ನಾನು ಹೋಗಿ ಪ್ರಸಾದ ತೆಗೆದುಕೊಂಡು ಬಂದೆ. ಅಷ್ಟು ಜನರ ನಡುವೆ ಅಮ್ಮನ ಹೆಸರು ಕೇಳಿದ್ದು ನನಗೆ ಎಷ್ಟು ಬೇಕಾಗಿತ್ತು ಎಂದು ಆಗಲೇ ತಿಳಿದದ್ದು. ಮರುಕ್ಷಣ ಚಿಕ್ಕಮ್ಮನ ಹೆಸರು ಬಂತು. ಚಾವಡಿಯಲ್ಲಿ ಯಾರೂ ಅಲುಗಲಿಲ್ಲ. ಒಬ್ಬರು ಕೆಮ್ಮಿದರು. ಚಿಕ್ಕಮ್ಮ ತಲೆಯೆತ್ತಿ ನೆಟ್ಟಗೆ ಕೂತಿದ್ದಳು, ಸೆರಗಿನ ಅಂಚನ್ನು ಮಾತ್ರ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ನಾನು ಮತ್ತೆ ಎದ್ದೆ.

“ನೀನು ಆಗಲೇ ತಗೊಂಡಿಯಲ್ಲ?” ಎಂದರು ಮಾವ.

“ಅದು ಅಮ್ಮನ ಲೆಕ್ಕದ್ದು. ಇದು ಚಿಕ್ಕಮ್ಮನ ಲೆಕ್ಕದ್ದು.”

“ಆ್ಯಪಿನಲ್ಲಿ ಹಾಗೆ ಇಲ್ಲ.”

“ಆ್ಯಪಿನಲ್ಲಿ ಇಲ್ಲದಿದ್ದರೆ ಬೇಡ ಮಾವ. ನಾನು ಇದ್ದೇನಲ್ಲ.”

ಮಾವ ಮೊಬೈಲು ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ಮೊಬೈಲನ್ನು ಜೇಬಿಗೆ ಹಾಕಿ ನನ್ನ ಕೈಗೆ ಎರಡನೆಯ ಪ್ರಸಾದ ಕೊಟ್ಟರು.

ಬಂದು ಪಕ್ಕದಲ್ಲಿ ಕೂತೆ. “ಎರಡೆರಡು ಸಲ ಎದ್ದರೆ ನನ್ನ ವಿನ್ಯಾಸದ ಗತಿ ಎಂತ, ಹುಚ್ಚಿ?” ಎಂದು ಚಿಕ್ಕಮ್ಮ ಪಿಸುದನಿಯಲ್ಲಿ ಬೈದಳು. ಬೈಯುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಬೈಯುತ್ತಲೇ ಪ್ರಸಾದಕ್ಕೆ ಅಂಗೈ ಚಾಚಿದಳು. ಕಾಪುವಿನ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಬೈದಳು. ನನ್ನ ಕೈ ಮಾತ್ರ ಬಿಡಲಿಲ್ಲ.