ಸಂಸದರ ಬೋಣಿ

ನಮ್ಮ ಸೋದರಮಾವ ಲೋಕಸಭೆಗೆ ಹೋದರು ನಿಜ, ಆದರೆ ಅಂಗಡಿ ಬಿಟ್ಟು ಮಾತ್ರ ಹೋಗಲಿಲ್ಲ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಮೂವತ್ತು ವರ್ಷ ಪಂಪ್‌ಸೆಟ್ಟು, ಪೈಪು ಮಾರಿದವರು. ದೆಹಲಿಯವರು ಅವರನ್ನು ಸಂಸದರೆಂದು ತಿಳಿದಿದ್ದಾರೆ. ಆಪ್ತ ಸಹಾಯಕನೆಂಬ ಹೆಸರಿನಲ್ಲಿ ಸವೆದುಹೋದ ನನಗೆ ಗೊತ್ತು, ಅವರು ಇವತ್ತಿಗೂ ಗಿರಾಕಿ ಕಾಯುವ ವ್ಯಾಪಾರಿ.

ಅವರ ಹುಚ್ಚು ಒಂದೇ, ಬೋಣಿ. ಬೆಳಿಗ್ಗೆ ಮೊದಲು ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು. ಇದು ಎಲ್ಲ ಅಂಗಡಿಯವರ ನಂಬಿಕೆಯೇ, ಆದರೆ ಮಾವನ ಮಟ್ಟಕ್ಕೆ ಯಾರಿಗಿದೆ? ಒಮ್ಮೆ ಸತ್ತೇಗಾಲದ ರೈತರೊಬ್ಬರು ಬಾಗಿಲು ತೆಗೆಯುತ್ತಲೇ ಬಂದು ಒಂದು ವಾಲ್ವು ಕೇಳಿದರು. ಅಂಗಡಿಯಲ್ಲಿರಲಿಲ್ಲ. ಮಾವ ಮನೆಗೆ ಓಡಿ, ಮನೆಯ ಮೋಟಾರಿನದನ್ನೇ ಬಿಚ್ಚಿ ತಂದುಕೊಟ್ಟರು. ಅತ್ತೆ ಎರಡು ದಿನ ಬೀದಿ ನಲ್ಲಿಯಿಂದ ನೀರು ಹೊತ್ತರು!

ಇಂಥವರಿಗೆ ಟಿಕೆಟ್ ಸಿಕ್ಕಿದ್ದು ಹೇಗೆ? ಪಕ್ಷದ ಇಬ್ಬರು ಘಟಾನುಘಟಿಗಳು ಕಿತ್ತಾಡಿಕೊಂಡರು. ಇಬ್ಬರ ತೋಟಕ್ಕೂ ಪೈಪು ಕೊಟ್ಟು ಇಬ್ಬರಿಂದಲೂ ಬೈಸಿಕೊಳ್ಳದವರು ಇವರೊಬ್ಬರೇ. ನಿಂತರು, ಗೆದ್ದರು.

ಗೆದ್ದ ಮೇಲೆ ಅಂಗಡಿಯ ಹಿಂದಿನ ಗೋಡೌನೇ ಕಚೇರಿಯಾಯಿತು. ಬೆಳಿಗ್ಗೆ ಆರಕ್ಕೆ ಮಾವನೇ ಕಸ ಗುಡಿಸಿ, ನೀರು ಚಿಮುಕಿಸಿ, ಊದುಬತ್ತಿ ಹಚ್ಚಿ ಕೂರುತ್ತಿದ್ದರು. ಮೊದಲ ಅರ್ಜಿದಾರನ ಕೆಲಸ ಏನೇ ಇರಲಿ, ಆಗಲೇಬೇಕು. ಅಂದರೆ ನಾನು ಮಾಡಲೇಬೇಕು! ಈ ಗುಟ್ಟು ಹನೂರಿನವರೆಗೂ ಹಬ್ಬಿತು. ಜನ ಹಿಂದಿನ ದಿನವೇ ಬಂದು ನೆಂಟರ ಮನೆಯಲ್ಲಿ ಉಳಿದು, ಬೆಂಚಿನ ಮೇಲೆ ಟವೆಲ್ ಹಾಸಿ ಜಾಗ ಹಿಡಿಯತೊಡಗಿದರು.

ಒಂದು ಸಲ ಅಗರದ ಹಿರಿಯರೊಬ್ಬರು ಬೋಣಿಯಾದರು. ಅವರಿಗೆ ರಸ್ತೆ ಬೇಡ, ಚರಂಡಿ ಬೇಡ.

"ನಮ್ ಭಾವ ಮಾತಾಡ್ತಿಲ್ಲ ಸಾ. ಎಂಟ್ ವರ್ಸಾಯ್ತು. ಅದೊಂದ್ ಸರಿ ಮಾಡ್ಸಿ."

"ಬೋಣಿ ಕಣ್ಲಾ, ಓಗ್ಬುಟ್ಟು ಬಾ," ಅಂದರು ಮಾವ ನನಗೆ.

ಹೋದೆ. ಕಚೇರಿಯ ಜೀಪು ಕಂಡ ಆ ಭಾವ, ಜಮೀನು ಅಳೆಯಲು ಬಂದರೆಂದು ಹೆದರಿ ಹಿತ್ತಲಿನಿಂದ ಓಡಿದ. ಅವನನ್ನು ಗದ್ದೆಯ ಬದುವಿನ ಮೇಲೆ ಹಿಡಿದು, ದಮ್ಮಯ್ಯ ಅಂದು ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನ. ಈಗ ಇಬ್ಬರೂ ಒಟ್ಟಿಗೇ ಬಂದು ಬೆಂಚಿನಲ್ಲಿ ಕೂರುತ್ತಾರೆ.

ದೆಹಲಿಯ ಮೊದಲ ದಿನ ಇನ್ನೂ ಕಷ್ಟ. ಒಂಬತ್ತಾದರೂ ಬಾಗಿಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅಧಿವೇಶನಕ್ಕೆ ಹೊತ್ತಾಗುತ್ತಿದೆ, ಇವರು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಾಗಿಲನ್ನೇ ನೋಡುತ್ತಾ ಕೂತಿದ್ದಾರೆ.

"ಬೋಣಿ ಆಗ್ದೆ ಎಂಗ್ ಓಗದ್ಲಾ?"

ಕೊನೆಗೆ ಪಕ್ಕದ ಮನೆಯ ಅಡುಗೆಯವನು ಕರಿಬೇವು ಕೇಳಿಕೊಂಡು ಬಂದ. ಊರಿಂದ ತಂದಿದ್ದನ್ನೆಲ್ಲ ಅವನಿಗೆ ಕೊಟ್ಟು ಮಾವ ದೇಶದ ಕೆಲಸಕ್ಕೆ ಹೊರಟರು.

ನಗು ಬರುತ್ತದೆ ಅಲ್ಲವೇ? ನನಗೂ ಮೊದಮೊದಲು ಬರುತ್ತಿತ್ತು. ಆಮೇಲೆ ಸಾಕಾಯಿತು. ನನ್ನ ಹೆಂಡತಿಗೆ ಮೈಸೂರಿನಲ್ಲಿ ಮಂಡಿ ಆಪರೇಷನ್ ಆದ ದಿನ ನಾನು ಪಾಲಾರಿನಲ್ಲಿ ಯಾರೋ ಕೇಳಿದ ಬಸ್ ನಿಲುಗಡೆಗಾಗಿ ಅಲೆಯುತ್ತಿದ್ದೆ. ಯಳಂದೂರಿನ ನಮ್ಮ ಮನೆಗೆ ಮರಳಿದ ಮೇಲೆ ಅವಳು ಜಗಳವಾಡಲಿಲ್ಲ. "ನಾನೂ ಬಂದು ಬೆಂಚ್ ಮೇಲ್ ಟವಲ್ ಹಾಸ್ಬೇಕಾ?" ಅಂದಳು, ಅಷ್ಟೇ. ಈ ಕೆಲಸ ಬಿಡಬೇಕೆಂದು ಅವತ್ತೇ ತೀರ್ಮಾನಿಸಿದೆ. ಆದರೆ ಕೇಳಿದಾಗಲೆಲ್ಲ ಮಾವ "ನೋಡನ ಬುಡು" ಅನ್ನುತ್ತಿದ್ದರು.

ಕಳೆದ ತಿಂಗಳು ಒಂದು ದಿನ ಐದೂವರೆಗೇ ಹೋಗಿ ಬೆಂಚಿನ ಮೊದಲ ಜಾಗದಲ್ಲಿ ಕೂತೆ. ಪೊರಕೆ ಹಿಡಿದು ಬಂದ ಮಾವ ನನ್ನನ್ನೂ ಕೈಯಲ್ಲಿದ್ದ ಹಾಳೆಯನ್ನೂ ನೋಡಿದರು.

"ಬೋಣಿ ನೀನೇಯಾ?"

"ಊಂ ಮಾವ. ನನ್ನ ಬುಟ್ಬುಡಿ. ಮನೇಲಿರ್ತೀನಿ."

ಮಾವ ಹಾಳೆ ಓದಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಪಕ್ಕ ಕೂತರು. ಅವರಿಗೆ ಎಷ್ಟು ವಯಸ್ಸಾಗಿದೆ ಎಂಬುದು ಅಷ್ಟು ಹತ್ತಿರದಿಂದ ಕಂಡಿತು. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದರು.

"ಓಗು ಕಣ್ಲಾ. ಅವಳ್ನ ಚೆಂದಾಗ್ ನೋಡ್ಕೊ," ಅಂದರು. ಪೆನ್ನನ್ನು ಜೇಬಿಗಿಟ್ಟುಕೊಂಡು ಮತ್ತೆ ಹೇಳಿದರು, "ನಂಗೂ ಸಾಕಾಗದೆ. ನಾನ್ ಯಾರ್ ಬಾಗ್ಲಲ್ಲಿ ಓಗಿ ಬೋಣಿಗ್ ಕೂರ್ಲಿ?"

ಅವರ ಮೇಲೆ ಅಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ. ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಹನೂರಿನ ಬಸ್ಸಿಳಿದ ಜನ ಬರತೊಡಗಿದರು. ಮಾವ ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು, "ಬನ್ರಪ್ಪಾ, ಕುತ್ಕಳಿ," ಅಂದರು.